ಹೊಸ ಪಿಸಿ ಜೋಡಿಸಿದ್ದಾಯ್ತು, ಲಿನಕ್ಸ್ ಮಾತ್ರ ಕೂರುತ್ತಿಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ, ಪುಣೆ, ಗೋವಾದ ಕನ್ನಡಿಗರು ಫೋನಿನಲ್ಲಿ, ವಾಟ್ಸಾಪಿನಲ್ಲಿ, ಸಂಘದ ಕಾರ್ಯಕ್ರಮದ ಊಟದ ಸಾಲಿನಲ್ಲಿ ಕೇಳುತ್ತಲೇ ಇರುವ ಪ್ರಶ್ನೆಗಳಿವು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತಲ್ಲ, ಆಮೇಲೆ ಅದರ ಬದಲು ಲಿನಕ್ಸ್ ಹಾಕಲು ಹೊರಟವರ ಇಂಥ ಕರೆಗಳು ಜಾಸ್ತಿಯಾಗಿವೆ. ಕೇಳಿದವರ ಮಾತನ್ನು ಆದಷ್ಟೂ ಹಾಗೇ ಇಟ್ಟಿದ್ದೇನೆ.

"ಇನ್‌ಸ್ಟಾಲ್ ಆಗ್ಲಿಲ್ಲ" ಅಂತಷ್ಟೇ ಹೇಳಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಎಲ್ಲಿಯ ತನಕ ಬಂದು ನಿಂತಿತು? ಅದು ತಿಳಿದರೆ ಅರ್ಧ ಕೆಲಸ ಮುಗಿಯಿತು. ಹಾಗಾಗಿ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಜೋಡಿಸಿದ್ದೇನೆ. ನಿಮ್ಮ ಪಿಸಿ ನಿಂತ ಜಾಗ ಯಾವುದೋ ಅಲ್ಲಿಂದ ಓದಿ.

## ಲಿನಕ್ಸ್ ತನಕ ಇನ್ನೂ ಬಂದೇ ಇಲ್ಲ

ಫ್ಯಾನ್ ತಿರುಗುತ್ತೆ, ಲೈಟ್ ಹತ್ತುತ್ತೆ, ಸ್ಕ್ರೀನ್ ಮೇಲೆ ಏನೂ ಇಲ್ಲ. ಪೆನ್‌ಡ್ರೈವ್ ಸರಿಯಾಗಿ ಮಾಡಿಲ್ವಾ ಸರ್?

ಪೆನ್‌ಡ್ರೈವಿಗೂ ಇದಕ್ಕೂ ಸಂಬಂಧವಿಲ್ಲ, ಅದನ್ನು ಕಿತ್ತು ಪಕ್ಕಕ್ಕಿಡಿ. ಡಿಸ್ಕ್ ಇಲ್ಲದಿದ್ದರೂ, ಲಿನಕ್ಸ್ ಇಲ್ಲದಿದ್ದರೂ ಬಯಾಸ್ (ಬೋರ್ಡಿನೊಳಗೇ ಇರುವ, ಪಿಸಿಯನ್ನು ಎಬ್ಬಿಸುವ ಪ್ರೋಗ್ರಾಂ) ಪರದೆ ಬರಲೇಬೇಕು. ಬರದಿದ್ದರೆ ತೊಂದರೆ ಜೋಡಣೆಯಲ್ಲಿದೆ.

ಮೊದಲು ಮಾನಿಟರ್ ಕೇಬಲ್ ನೋಡಿ. ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದರೆ ಕೇಬಲ್ ಕಾರ್ಡಿಗೇ ಹೋಗಬೇಕು, ಮದರ್‌ಬೋರ್ಡಿಗಲ್ಲ. ಇಂಟೆಲ್ ಪ್ರೊಸೆಸರಿನ ಹೆಸರು 'ಎಫ್' ಅಕ್ಷರದಿಂದ ಮುಗಿದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲವೇ ಇಲ್ಲ. ರೈಜನ್ 5600ರಲ್ಲೂ ಇಲ್ಲ, 5600ಜಿಯಲ್ಲಿ ಇದೆ. ಕಾರ್ಡಿಲ್ಲದೆ ಬರೀ 5600 ಕೊಂಡು ತಂದವರು ಎಷ್ಟು ಹೊತ್ತು ಕಾದರೂ ಚಿತ್ರ ಬರುವುದಿಲ್ಲ.

ಆಮೇಲೆ ಪ್ರೊಸೆಸರಿಗೆ ಹೋಗುವ 8 ಪಿನ್ನಿನ ಪವರ್ ಕೇಬಲ್. ಬೋರ್ಡಿನ ಮೇಲಿನ ಎಡ ಮೂಲೆಯಲ್ಲಿ ಕೂಲರಿನ ಹಿಂದೆ ಅಡಗಿರುತ್ತದೆ, ಮರೆತುಹೋಗುವುದು ಸಹಜ. ಎರಡು ರ‍್ಯಾಮ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿ. 'ಟಕ್' ಅನ್ನುವ ತನಕ ಒತ್ತಬೇಕು.

ಎಎಮ್‌5 ಬೋರ್ಡು, ಡಿಡಿಆರ್5 ರ‍್ಯಾಮ್ ಇದ್ದವರಿಗೆ ಇನ್ನೊಂದು ಮಾತು. ಮೊದಲ ಸಲ ಆನ್ ಮಾಡಿದಾಗ ಬೋರ್ಡು ರ‍್ಯಾಮನ್ನು ಅಳೆದು ನೋಡಿಕೊಳ್ಳುತ್ತದೆ. ಆಗ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರುತ್ತದೆ. ಗಾಬರಿಯಾಗಿ ಸ್ವಿಚ್ ಆಫ್ ಮಾಡಿದರೆ ಮತ್ತೆ ಮೊದಲಿಂದ ಶುರು. ಹೋಗಿ ಚಹಾ ಕುಡಿದು ಬನ್ನಿ.

ಬೋರ್ಡಿನ ಅಂಚಿನಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ನಾಲ್ಕು ಪುಟ್ಟ ದೀಪಗಳಿದ್ದರೆ ನಿಮ್ಮ ಅದೃಷ್ಟ. ಯಾವುದು ಆರದೆ ಉಳಿಯುತ್ತದೋ ತೊಂದರೆ ಅಲ್ಲೇ.

ಐಎಸ್‌ಒ ಫೈಲ್ ಪೆನ್‌ಡ್ರೈವಿಗೆ ಕಾಪಿ ಮಾಡೀನಿ ರೀ, ಬೂಟೇ ಆಗವಲ್ದು.

ಐಎಸ್‌ಒ ಅಂದರೆ ಇಡೀ ಇನ್‌ಸ್ಟಾಲ್ ಡಿಸ್ಕನ್ನೇ ಒಂದು ಫೈಲಾಗಿ ಮಾಡಿದ್ದು. ಅದನ್ನು ಕಾಪಿ ಮಾಡಿದರೆ ಸಾಲದು, ಅದಕ್ಕೆಂದೇ ಇರುವ ಪ್ರೋಗ್ರಾಂನಿಂದ ಬರೆಯಬೇಕು. ಎಚರ್, ರೂಫಸ್, ಫೆಡೋರಾ ಮೀಡಿಯಾ ರೈಟರ್ ಇವೆಲ್ಲ ಆ ಕೆಲಸಕ್ಕೇ ಇವೆ. ವೆಂಟಾಯ್ ಮಾತ್ರ ಬೇರೆ: ಒಮ್ಮೆ ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡರೆ ಆಮೇಲೆ ಐಎಸ್‌ಒಗಳನ್ನು ಸುಮ್ನೆ ಕಾಪಿ ಮಾಡಬಹುದು. ರೂಫಸ್‌ನಲ್ಲಿ ಜಿಪಿಟಿ (ಡಿಸ್ಕನ್ನು ಭಾಗ ಮಾಡುವ ಹೊಸ ಪದ್ಧತಿ) ಮತ್ತು ಯುಇಎಫ್‌ಐ (ಹೊಸ ಬಗೆಯ ಬಯಾಸ್) ಆರಿಸಿ, ಹೊಸ ಪಿಸಿಗೆ ಅದೇ ಸರಿ.

ಬರೆಯುವ ಮುಂಚೆ ಫೈಲ್ ಪೂರ್ತಿ ಇಳಿದಿದೆಯೇ ನೋಡಿ. ಲಿನಕ್ಸಿನ ಒಂದು ಬಗೆಯಾದ ಉಬುಂಟು 24.04ರ ಡೆಸ್ಕ್‌ಟಾಪ್ ಐಎಸ್‌ಒ ಸುಮಾರು 6 ಜಿಬಿ. ಪಿಜಿಯ ವೈಫೈನಲ್ಲೋ ಮೊಬೈಲ್ ಹಾಟ್‌ಸ್ಪಾಟಿನಲ್ಲೋ ಇಳಿಸಿದರೆ ನಡುವೆ ಹರಿದು ಹೋಗುವುದುಂಟು. ಡೌನ್‌ಲೋಡ್ ಪುಟದಲ್ಲೇ ಎಸ್‌ಎಚ್‌ಎ 256 ಅಂತ 64 ಅಕ್ಷರಗಳ ಒಂದು ಸಾಲು ಕೊಟ್ಟಿರುತ್ತಾರೆ. ನಿಮ್ಮ ಫೈಲಿನ ಸಾಲನ್ನು ತೆಗೆದು ಅದಕ್ಕೆ ಹೋಲಿಸಿ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ ಎಂಬ ಕಮ್ಯಾಂಡ್ ಇದನ್ನು ತೆಗೆದುಕೊಡುತ್ತದೆ. ಒಂದೇ ಅಕ್ಷರ ಬೇರೆಯಾದರೂ ಫೈಲನ್ನು ಅಳಿಸಿ ಮತ್ತೆ ಇಳಿಸಿ.

ಬೂಟ್ ಮೆನು ಕೀ ಕಂಪನಿಗೊಂದು. ಏಸುಸ್‌ಗೆ ಎಫ್8, ಗಿಗಾಬೈಟ್‌ಗೆ ಎಫ್12, ಎಂಎಸ್‌ಐ ಮತ್ತು ಏಸ್‌ರಾಕ್‌ಗೆ ಎಫ್11. ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಂಡರೆ, ಹೆಸರಿನ ಮುಂದೆ 'ಯುಇಎಫ್‌ಐ' ಇರುವುದನ್ನೇ ಆರಿಸಿ. ಇಲ್ಲಿ ತಪ್ಪಿದರೆ ಇನ್‌ಸ್ಟಾಲಿನ ಕೊನೆಯಲ್ಲಿ ಅದು ಬಂದು ಕಾಡುತ್ತದೆ, ಕೆಳಗೆ ಹೇಳಿದ್ದೇನೆ.

"ಸೆಕ್ಯುರಿಟಿ ವಯಲೇಷನ್" ಅಂತ ಬರ್ತದೆ ಮಾರಾಯ್ರೆ. ವೈರಸ್ಸಾ?

ವೈರಸ್ ಅಲ್ಲ. ಸೆಕ್ಯೂರ್ ಬೂಟ್ ಅನ್ನುವ ವ್ಯವಸ್ಥೆ ತನಗೆ ಗುರುತಿಲ್ಲದ ಸಹಿಯನ್ನು ಒಳಗೆ ಬಿಡುತ್ತಿಲ್ಲ, ಅಷ್ಟೇ. ಉಬುಂಟು, ಫೆಡೋರಾ, 2019ರಲ್ಲಿ ಬಂದ 10ನೇ ಆವೃತ್ತಿಯಿಂದ ಈಚಿನ ಡೆಬಿಯನ್, ಇವುಗಳಿಗೆ ಸರಿಯಾದ ಸಹಿ ಇದೆ. ಆರ್ಚ್‌ನ ಐಎಸ್‌ಒಗೆ ಇಲ್ಲ. ವೆಂಟಾಯ್ ಆದರೆ ಮೊದಲ ಸಲ ಅದರ ಕೀಯನ್ನು ಸೇರಿಸಿಕೊಳ್ಳಲು ಕೇಳುತ್ತದೆ. ತಲೆನೋವು ಬೇಡ ಅಂದರೆ ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿ ಮುಂದುವರಿಯಿರಿ. ಆದರೆ ಅದೇ ಪಿಸಿಯಲ್ಲಿ ವಿಂಡೋಸ್ ಇದ್ದರೆ ಮೊದಲು ಕೆಳಗಿನ ಬಿಟ್‌ಲಾಕರ್ (48 ಅಂಕಿಯ ಕೀ) ಪ್ರಶ್ನೆ ಓದಿ.

## ಇನ್‌ಸ್ಟಾಲರ್ ಶುರುವಾಯಿತು, ಆಮೇಲೆ ಕೆಟ್ಟಿತು

ಉಬುಂಟು ಲೋಗೋ ಬಂತು, ಆಮೇಲೆ ಕಪ್ಪೋ ಕಪ್ಪು. ನನ್ನದು ಎನ್‌ವಿಡಿಯಾ ಕಾರ್ಡ್.

ಕೊನೆಯ ವಾಕ್ಯದಲ್ಲೇ ಉತ್ತರ ಇದೆ. ಐಎಸ್‌ಒ ಜೊತೆ ಬರುವ ನುವೋ ಡ್ರೈವರಿಗೆ ಹೊಸ ಎನ್‌ವಿಡಿಯಾ ಕಾರ್ಡುಗಳು ಚೆನ್ನಾಗಿ ಒಗ್ಗುವುದಿಲ್ಲ. ಮೊದಲ ಮೆನುವಿನಲ್ಲಿ 'ಸೇಫ್ ಗ್ರಾಫಿಕ್ಸ್' ಅಥವಾ 'ಕಂಪ್ಯಾಟಿಬಿಲಿಟಿ ಮೋಡ್' ಇದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ ಮೆನುವಿನ ಮೊದಲ ಸಾಲಿನ ಮೇಲೆ ನಿಂತು 'ಇ' ಕೀ ಒತ್ತಿ. 'ಲಿನಕ್ಸ್' ಎಂದು ಶುರುವಾಗುವ ಉದ್ದದ ಸಾಲಿನಲ್ಲಿ 'ಕ್ವಯಟ್ ಸ್ಪ್ಲಾಷ್' ಆದ ಮೇಲೆ ಒಂದು ಸ್ಪೇಸ್ ಬಿಟ್ಟು 'ನೋಮೋಡ್‌ಸೆಟ್' ಎಂದು ಇಂಗ್ಲಿಷಿನಲ್ಲಿ ಸೇರಿಸಿ. ಎಲ್ಲ ಸಣ್ಣ ಅಕ್ಷರ, ನಡುವೆ ಸ್ಪೇಸ್ ಇಲ್ಲ. ಎಫ್10 ಒತ್ತಿ. ಪರದೆ ಒರಟಾಗಿ, ಕಡಿಮೆ ರೆಸಲ್ಯೂಷನ್‌ನಲ್ಲಿ ಬರುತ್ತದೆ, ಬರಲಿ ಬಿಡಿ.

ಇನ್‌ಸ್ಟಾಲ್ ಮುಗಿದ ಮೇಲೆ ಮೊದಲ ಸಲವೂ ಇದನ್ನೇ ಮಾಡಬೇಕಾಗಬಹುದು. ಆಮೇಲೆ ಉಬುಂಟುವಿನ 'ಅಡಿಷನಲ್ ಡ್ರೈವರ್ಸ್', ಮಿಂಟ್‌ನ 'ಡ್ರೈವರ್ ಮ್ಯಾನೇಜರ್' ಮೂಲಕ ಎನ್‌ವಿಡಿಯಾದ್ದೇ ಡ್ರೈವರ್ ಹಾಕಿ. ಆರ್‌ಟಿಎಕ್ಸ್ 50 ಸಾಲಿನ ಕಾರ್ಡುಗಳಿಗೆ 570 ಅಥವಾ ಅದಕ್ಕಿಂತ ಹೊಸ ಡ್ರೈವರೇ ಆಗಬೇಕು, ಅದರಲ್ಲೂ ಹೆಸರಿನಲ್ಲಿ 'ಓಪನ್' ಇರುವುದು.

ಸೆಕ್ಯೂರ್ ಬೂಟ್ ಆನ್ ಇದ್ದರೆ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಬೂಟ್ ಆದಾಗ ನೀಲಿ ಪರದೆಯಲ್ಲಿ 'ಎಂಒಕೆ ಮ್ಯಾನೇಜ್‌ಮೆಂಟ್' ಬರುತ್ತದೆ. 'ಎನ್‌ರೋಲ್' ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಆ ಪರದೆ ಹತ್ತು ಸೆಕೆಂಡಿನಷ್ಟೇ ಕಾಯುತ್ತದೆ. ಗಮನಿಸದೆ ಬಿಟ್ಟವರು "ಡ್ರೈವರ್ ಹಾಕಿದೆ, ಆದ್ರೂ ಕೆಲಸ ಮಾಡ್ತಿಲ್ಲ" ಅಂತ ಫೋನ್ ಮಾಡುತ್ತಾರೆ.

ಎಲ್ಲಾ ಲೇಟೆಸ್ಟ್ ಪಾರ್ಟ್ಸ್ ತಂದಿದ್ದೀನಿ. ಆದ್ರೂ ವೈಫೈ ಇಲ್ಲ, ರೆಸಲ್ಯೂಷನ್ ಇಲ್ಲ. ಯಾಕೆ?

ಲೇಟೆಸ್ಟ್ ಆಗಿರುವುದೇ ಕಾರಣ. ಲಿನಕ್ಸ್‌ನಲ್ಲಿ ಹೆಚ್ಚಿನ ಡ್ರೈವರುಗಳು ಕರ್ನೆಲ್ (ಲಿನಕ್ಸಿನ ತಿರುಳು) ಒಳಗೇ ಇರುತ್ತವೆ. ಕರ್ನೆಲ್ ನಿಮ್ಮ ಕಾರ್ಡಿಗಿಂತ ಹಳೆಯದಾದರೆ ಅದಕ್ಕೆ ಕಾರ್ಡಿನ ಗುರುತೇ ಹತ್ತುವುದಿಲ್ಲ. ಡೆಬಿಯನ್ 12 ಬಂದದ್ದು 2023ರಲ್ಲಿ, ಅದರ ಕರ್ನೆಲ್ 6.1. ಎಎಮ್‌ಡಿಯ ಆರ್‌ಎಕ್ಸ್ 9070 ಬಂದದ್ದು 2025ರ ಮಾರ್ಚ್‌ನಲ್ಲಿ. ಇವೆರಡಕ್ಕೂ ಹೊಂದಿಕೆ ಹೇಗಾದೀತು? ಉಬುಂಟು 24.04 ಶುರುವಾದದ್ದು 6.8 ಕರ್ನೆಲ್‌ನಿಂದ, ಅದರದೇ 24.04.3ರಲ್ಲಿ 6.14 ಇದೆ. ಹೆಸರು ಒಂದೇ ಅಂತ ಕಳೆದ ವರ್ಷದ ಪೆನ್‌ಡ್ರೈವನ್ನೇ ಬಳಸಬೇಡಿ. ತೀರಾ ಹೊಸ ಯಂತ್ರಕ್ಕೆ ನನ್ನ ಆಯ್ಕೆ ಫೆಡೋರಾ.

ವೈಫೈ ಇಲ್ಲದೆ ಅಪ್‌ಡೇಟ್ ಮಾಡುವುದು ಹೇಗೆ ಅಂತೀರಾ? ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಪಿಸಿಗೆ ಸಿಕ್ಕಿಸಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿ. ಲಿನಕ್ಸ್ ಅದನ್ನು ವೈರಿನ ನೆಟ್‌ವರ್ಕ್ ಅಂತಲೇ ತಿಳಿದು ತಕ್ಷಣ ಹಿಡಿಯುತ್ತದೆ.

ಬಯಾಸ್‌ನಲ್ಲಿ ಎಸ್‌ಎಸ್‌ಡಿ ಕಾಣುತ್ತೆ, ಇನ್‌ಸ್ಟಾಲರ್‌ನಲ್ಲಿ ಪೆನ್‌ಡ್ರೈವ್ ಬಿಟ್ಟು ಬೇರೇನೂ ಇಲ್ಲ.

ಇಂಟೆಲ್ 11ನೇ ತಲೆಮಾರು ಮತ್ತು ಆಮೇಲಿನ ಪ್ರೊಸೆಸರ್ ಇದ್ದರೆ ಬಯಾಸ್‌ನಲ್ಲಿ 'ವಿಎಮ್‌ಡಿ' ಅಥವಾ 'ಆರ್‌ಎಸ್‌ಟಿ' (ಇಂಟೆಲ್‌ನ ಡಿಸ್ಕ್ ನಿರ್ವಹಣೆಯ ಆಯ್ಕೆಗಳು) ಹುಡುಕಿ ಆಫ್ ಮಾಡಿ. 'ರೇಡ್' ಅಂತಿದ್ದರೆ 'ಎಎಚ್‌ಸಿಐ' ಮಾಡಿ. ಅದೇ ಡಿಸ್ಕಿನಲ್ಲಿ ವಿಂಡೋಸ್ ಇದ್ದರೆ ಇದನ್ನು ದಿಢೀರನೆ ಬದಲಿಸಬೇಡಿ, ವಿಂಡೋಸ್ ಏಳದೇ ಹೋಗಬಹುದು. ಮೊದಲು ವಿಂಡೋಸನ್ನು ಸೇಫ್ ಮೋಡ್‌ಗೆ ಹೊಂದಿಸಿ, ಆಮೇಲೆ ಬಯಾಸ್ ಬದಲಿಸಿ.

ಬಯಾಸ್‌ನಲ್ಲೂ ಕಾಣದಿದ್ದರೆ ಅದು ಬೇರೆ ಕಥೆ. ನೋಡಲು ಒಂದೇ ಥರ ಇದ್ದರೂ ಎಂ.2 ಡಿಸ್ಕುಗಳಲ್ಲಿ ಸಾಟಾ ಮತ್ತು ಎನ್‌ವಿಎಂಇ ಎಂದು ಎರಡು ಜಾತಿ. ಕೆಲವು ಸ್ಲಾಟುಗಳಿಗೆ ಎನ್‌ವಿಎಂಇ ಮಾತ್ರ ಆಗುತ್ತದೆ. ಕೆಲವು ಬೋರ್ಡುಗಳಲ್ಲಿ ಒಂದು ಎಂ.2 ಸ್ಲಾಟ್ ತುಂಬಿದರೆ ಒಂದೆರಡು ಸಾಟಾ ಪೋರ್ಟು ಸತ್ತುಹೋಗುತ್ತವೆ. ಬೋರ್ಡಿನ ಪುಸ್ತಕದಲ್ಲಿ ಸಣ್ಣ ಅಕ್ಷರದಲ್ಲಿ ಇದನ್ನು ಬರೆದಿರುತ್ತಾರೆ.

ಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲುತ್ತೆ. ಒಂದ್ಸಲ ಒಂದು ಎರರ್, ಇನ್ನೊಂದ್ಸಲ ಇನ್ನೊಂದು. ಮೂರು ಡಿಸ್ಟ್ರೋ ಬದಲಾಯಿಸಿದೆ ಅಣ್ಣ.

ಡಿಸ್ಟ್ರೋ (ಉಬುಂಟು, ಫೆಡೋರಾದಂಥ ಲಿನಕ್ಸ್ ಬಗೆ) ಬದಲಾಯಿಸುವುದನ್ನು ನಿಲ್ಲಿಸಿ. ಒಂದು ವಿಷಯ ಮಾತ್ರ ಹೇಳಿ: ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲುತ್ತದೆಯೋ, ಬೇರೆ ಬೇರೆ ಜಾಗದಲ್ಲೋ?

ಒಂದೇ ಜಾಗ ಅಂದರೆ ಪೆನ್‌ಡ್ರೈವ್ ಅಥವಾ ಐಎಸ್‌ಒ ಮೇಲೆ ಅನುಮಾನ. 'ಇನ್‌ಪುಟ್/ಔಟ್‌ಪುಟ್ ಎರರ್', 'ಸ್ಕ್ವಾಷ್‌ಎಫ್‌ಎಸ್ ಎರರ್' ಎಂಬ ಪದಗಳು ಕಂಡರೆ ಅನುಮಾನ ಇನ್ನಷ್ಟು ಗಟ್ಟಿ. ಬೇರೆ ಪೆನ್‌ಡ್ರೈವ್ ತನ್ನಿ, ಪಿಸಿಯ ಹಿಂಬದಿಯ ಪೋರ್ಟಿಗೆ ಸಿಕ್ಕಿಸಿ. ಮುಂಬದಿಯ ಪೋರ್ಟಿನ ತಂತಿ ಕೇಸಿನೊಳಗೆ ಸುತ್ತಿಕೊಂಡು ಹೋಗುತ್ತದೆ, ಅದನ್ನು ಪೂರ್ತಿ ನಂಬುವ ಹಾಗಿಲ್ಲ.

ಬೇರೆ ಬೇರೆ ಜಾಗ ಅಂದರೆ ನಾನು ಮೊದಲು ಹಿಡಿಯುವುದು ರ‍್ಯಾಮನ್ನು. ಪಿಂಪ್ರಿಯ ಒಬ್ಬ ಹುಡುಗನ ಪಿಸಿ ಹೀಗೇ ಇತ್ತು. ಒಮ್ಮೆ ಫೈಲ್ ಕಾಪಿ ಆಗುವಾಗ ನಿಂತಿತು, ಒಮ್ಮೆ ಭಾಷೆ ಆರಿಸುವ ಮೊದಲೇ ಇನ್‌ಸ್ಟಾಲರ್ ಮಾಯ, ಇನ್ನೊಮ್ಮೆ ಪೂರ್ತಿ ಮುಗಿದು ಮೊದಲ ಬೂಟಿನಲ್ಲೇ ಕರ್ನೆಲ್ ಪ್ಯಾನಿಕ್. ವಿಂಡೋಸ್ ಮಾತ್ರ ಚೆನ್ನಾಗಿ ಓಡುತ್ತಿತ್ತು ಅಂತ ಅವನ ವಾದ. ರ‍್ಯಾಮನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86+ ಹಾಕಿಸಿದೆ. ಸ್ವಲ್ಪ ಹೊತ್ತಿನಲ್ಲೇ ಪರದೆಯ ಕೆಳಗಡೆ ಕೆಂಪು ಸಾಲುಗಳು ಒಂದರ ಕೆಳಗೊಂದು ಇಳಿಯತೊಡಗಿದವು. ಒಂದು ರ‍್ಯಾಮ್ ತೆಗೆದೆವು, ಕೆಂಪು ನಿಂತಿತು. ತೆಗೆದದ್ದನ್ನೇ ಒಂಟಿಯಾಗಿ ಹಾಕಿದೆವು, ಮತ್ತೆ ಕೆಂಪು. ಕೆಟ್ಟದ್ದು ಯಾವುದು ಅಂತ ಅಲ್ಲಿಗೆ ತೀರ್ಮಾನವಾಯಿತು.

ಮೆಮ್‌ಟೆಸ್ಟ್86+ ಹಳೆಯದಾಗಿದ್ದರೆ ಯುಇಎಫ್‌ಐನಲ್ಲಿ ಏಳುವುದಿಲ್ಲ, 2022ರಲ್ಲಿ ಬಂದ 6ನೇ ಆವೃತ್ತಿ ಅಥವಾ ಅದಕ್ಕಿಂತ ಹೊಸದು ಬೇಕು. ಒಂದು ಪೂರ್ತಿ ಸುತ್ತು ಮುಗಿಯಲು ಗಂಟೆಗಟ್ಟಲೆ ಹಿಡಿಯಬಹುದು, ರಾತ್ರಿ ಹಚ್ಚಿ ಮಲಗಿ. ಒಂದೇ ಒಂದು ಎರರ್ ಬಂದರೂ ಅದು ಎರರೇ. "ಒಂದೇ ಅಲ್ವಾ" ಅಂತ ಬಿಡಬೇಡಿ.

ರ‍್ಯಾಮ್ ಕೆಟ್ಟಿದೆ ಅನ್ನುವ ಮೊದಲು ಬಯಾಸ್‌ನಲ್ಲಿ ಅದರ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆಫ್ ಮಾಡಿ ನೋಡಿ. ಡಬ್ಬಿಯ ಮೇಲೆ 6000 ಅಂತ ಬರೆದ ಡಿಡಿಆರ್5 ರ‍್ಯಾಮ್ ಸಾಮಾನ್ಯವಾಗಿ 4800ರಲ್ಲಿ ಓಡುತ್ತದೆ. ಎಕ್ಸ್‌ಪೋ ಹಚ್ಚಿದಾಗ ಮಾತ್ರ 6000. ಆ ವೇಗ ಎಲ್ಲ ಬೋರ್ಡಿಗೂ ಪ್ರೊಸೆಸರಿಗೂ ದಕ್ಕುತ್ತದೆ ಎಂಬ ಖಾತ್ರಿ ಇಲ್ಲ. ನಾಲ್ಕು ಸ್ಲಾಟೂ ತುಂಬಿದರಂತೂ ಕಷ್ಟ ಹೆಚ್ಚು. ಎಕ್ಸ್‌ಪೋ ಆಫ್ ಮಾಡಿದಾಗ ಎರರ್ ನಿಂತರೆ ವೇಗ ಒಂದು ಮೆಟ್ಟಿಲು ಇಳಿಸಿ, ಬಯಾಸ್ ಅಪ್‌ಡೇಟ್ ನೋಡಿ.

ವಿಂಡೋಸ್ ಓಡುತ್ತಿತ್ತು ಅನ್ನುವ ವಾದಕ್ಕೆ ನನ್ನ ಉತ್ತರ ಇಷ್ಟೇ: ಇನ್‌ಸ್ಟಾಲರ್ ಹಲವು ಜಿಬಿ ಡೇಟಾವನ್ನು ಬಿಚ್ಚಿ, ತಾಳೆ ನೋಡಿ ಬರೆಯುತ್ತದೆ. ರ‍್ಯಾಮಿನ ಒಂದು ಬಿಟ್ ತಪ್ಪಿದರೂ ಅಲ್ಲಿ ಸಿಕ್ಕಿಬೀಳುತ್ತದೆ. ಬ್ರೌಸರ್ ತೆರೆದು ವಿಡಿಯೋ ನೋಡುವಾಗ ಅದೇ ತಪ್ಪು ಗೊತ್ತಾಗದೇ ಹೋಗಬಹುದು.

ಅಂಗಡಿಯವನು "ಲಿನಕ್ಸ್ ಹಾಕಿದ್ರೆ ವಾರಂಟಿ ಇಲ್ಲ" ಅಂದ. ನಿಜಾನಾ?

ಜೋಡಿಸಿದ ಪಿಸಿಗೆ ಒಟ್ಟಾರೆ ವಾರಂಟಿ ಅಂತ ಇರುವುದಿಲ್ಲ, ಬಿಡಿಭಾಗಕ್ಕೊಂದೊಂದು ವಾರಂಟಿ. ರ‍್ಯಾಮಿನ ವಾರಂಟಿಗೂ ನೀವು ಯಾವ ಓಎಸ್ ಹಾಕಿದ್ದೀರಿ ಅನ್ನುವುದಕ್ಕೂ ಸಂಬಂಧವಿಲ್ಲ. ಬಿಲ್ಲು, ಡಬ್ಬಿ, ಸೀರಿಯಲ್ ನಂಬರಿನ ಸ್ಟಿಕ್ಕರ್ ಜೋಪಾನ ಮಾಡಿ.

ಮುಂಬೈಯ ಲ್ಯಾಮಿಂಗ್ಟನ್ ರೋಡಿನ ಅಂಗಡಿಗೋ ಪುಣೆಯ ತಾಪ್ಕೀರ್ ಗಲ್ಲಿಯದಕ್ಕೋ ವಾಪಸ್ ಹೋದಾಗ ಲಿನಕ್ಸ್ ಪುರಾಣ ತೆಗೆಯಬೇಡಿ. ತೆಗೆದರೆ ಮಾತು ಓಎಸ್ ಕಡೆಗೇ ಹೊರಳುತ್ತದೆ. "ಮೆಮ್‌ಟೆಸ್ಟ್ ಮೇಂ ಎರರ್ ಆ ರಹಾ ಹೈ, ದೂಸ್ರಾ ಸ್ಟಿಕ್ ಠೀಕ್ ಹೈ" ಅನ್ನಿ, ಕೆಂಪು ಪರದೆಯ ಫೋಟೋ ತೋರಿಸಿ. ಕೌಂಟರಿನಲ್ಲಿ ಅರ್ಥವಾಗುವ ಮಾತು ಅದೇ. ಕೊರಿಯರ್‌ನಲ್ಲಿ ತರಿಸಿಕೊಂಡ ಗೋವಾದವರು ಡಬ್ಬಿ ಬಿಚ್ಚುವಾಗಲೇ ವಿಡಿಯೋ ಮಾಡಿಟ್ಟುಕೊಳ್ಳಿ.

ಇನ್‌ಸ್ಟಾಲ್ ಆಗ್ತಿರುವಾಗಲೇ ಕರೆಂಟ್ ಹೋಯ್ತು. ಎಸ್‌ಎಸ್‌ಡಿ ಹೋಯ್ತಾ?

ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ಮತ್ತೆ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಅರ್ಧಂಬರ್ಧ ಪಾರ್ಟಿಷನ್ ಅಳಿಸಿ ಮೊದಲಿನಿಂದ ಶುರುಮಾಡಿ. ನಿಂತಲ್ಲಿಂದ ಮುಂದುವರಿಸುವ ದಾರಿ ಇಲ್ಲ. ಆದರೆ ಬಯಾಸ್ ಅಪ್‌ಡೇಟ್ ಮಾಡುವಾಗ ಕರೆಂಟ್ ಹೋದರೆ ಬೋರ್ಡೇ ಹೋಗಬಹುದು. ಗುಡುಗಿನ ಮಳೆಗಾಲದ ಸಂಜೆ, ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬೇಡಿ.

## ವಿಂಡೋಸ್ ಜೊತೆಗೆ

ಹಳೆ ವಿಂಡೋಸ್ ಡಿಸ್ಕನ್ನೂ ಹಾಕಿದೀನಿ. ಈಗ 48 ಅಂಕಿಯ ಕೀ ಕೇಳ್ತಿದೆ!

ಅದು ಬಿಟ್‌ಲಾಕರ್, ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ವ್ಯವಸ್ಥೆ. ಬೋರ್ಡು ಬದಲಾದಾಗ, ಸೆಕ್ಯೂರ್ ಬೂಟ್ ಮುಟ್ಟಿದಾಗ ಅದು ಎಚ್ಚೆತ್ತುಕೊಳ್ಳುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದರೆ ಕೀ ಆ ಖಾತೆಯಲ್ಲಿ ಇರಬಹುದು, ಫೋನಿನಿಂದಲೇ ನೋಡಿ. ಕೀ ಇಲ್ಲದಿದ್ದರೆ ಡೇಟಾ ಇಲ್ಲ. ಇದಕ್ಕೆ ಅಡ್ಡದಾರಿ ಯಾರ ಬಳಿಯೂ ಇಲ್ಲ, ಇದೆ ಅಂದವರಿಗೆ ದುಡ್ಡು ಕೊಡಬೇಡಿ. ಇನ್ನೂ ಏನೂ ಮುಟ್ಟಿಲ್ಲ ಅನ್ನುವವರು ಮೊದಲು ಕೀ ಬರೆದಿಟ್ಟುಕೊಳ್ಳಿ, ಬಿಟ್‌ಲಾಕರ್ ಮತ್ತು ಫಾಸ್ಟ್ ಸ್ಟಾರ್ಟಪ್ ಎರಡನ್ನೂ ಆಫ್ ಮಾಡಿ. ಫಾಸ್ಟ್ ಸ್ಟಾರ್ಟಪ್ ಇದ್ದರೆ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅದರ ಡಿಸ್ಕಿಗೆ ಲಿನಕ್ಸ್‌ನಿಂದ ಬರೆಯಲು ಆಗುವುದಿಲ್ಲ.

ವಿಂಡೋಸ್‌ಗೆ ಹೋದಾಗಲೆಲ್ಲ ಗಡಿಯಾರ ಹಿಂದೆ ಹೋಗಿರುತ್ತೆ. ಬ್ಯಾಟರಿ ಹೋಗಿದೆಯಾ?

ಸರಿಯಾಗಿ ಐದೂವರೆ ಗಂಟೆ ಹಿಂದಿದ್ದರೆ ಬ್ಯಾಟರಿ ಸರಿಯಾಗಿಯೇ ಇದೆ. ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ (ಜಾಗತಿಕ) ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಅಂತ ಓದುತ್ತದೆ. ಟೈಮ್‌ಡೇಟ್‌ಸಿಟಿಎಲ್ ಕಮ್ಯಾಂಡಿನಿಂದ ಲಿನಕ್ಸಿಗೂ ಸ್ಥಳೀಯ ಸಮಯ ಇಡಲು ಹೇಳಿದರೆ ಮುಗಿಯಿತು.

## ಇನ್‌ಸ್ಟಾಲ್ ಮುಗಿಯಿತು, ಏಳುತ್ತಿಲ್ಲ

ಕೊನೇ ಕ್ಷಣದಲ್ಲಿ "ಗ್ರಬ್-ಇನ್‌ಸ್ಟಾಲ್ ಫೇಲ್ಡ್, ಫೇಟಲ್ ಎರರ್" ಅಂತ ಬಂತು.

ಗ್ರಬ್ ಅಂದರೆ ಲಿನಕ್ಸನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ. ಪೆನ್‌ಡ್ರೈವನ್ನು ಹಳೆಯ ಲೆಗಸಿ ವಿಧಾನದಲ್ಲಿ ಬೂಟ್ ಮಾಡಿ, ಡಿಸ್ಕನ್ನು ಯುಇಎಫ್‌ಐಗೆ ಬೇಕಾದಂತೆ ಹೊಂದಿಸಿದರೆ ಹೀಗಾಗುತ್ತದೆ. ಇಲ್ಲವೇ ಪಾರ್ಟಿಷನ್ ಕೈಯಿಂದ ಮಾಡುವಾಗ ಬೂಟ್ ಫೈಲುಗಳಿಗೆ ಬೇಕಾದ ಇಎಫ್‌ಐ ಪಾರ್ಟಿಷನ್ ಮರೆತಿರುತ್ತೀರಿ. ಲೈವ್ ಪರದೆಯಲ್ಲಿ (ಪೆನ್‌ಡ್ರೈವಿನಿಂದಲೇ ಓಡುವ ಲಿನಕ್ಸ್) 'ಸಿಸ್' ಫೋಲ್ಡರಿನೊಳಗೆ 'ಫರ್ಮ್‌ವೇರ್', ಅದರೊಳಗೆ 'ಇಎಫ್‌ಐ' ಇದೆಯೇ ನೋಡಿ. ಇದ್ದರೆ ಯುಇಎಫ್‌ಐ, ಇಲ್ಲದಿದ್ದರೆ ಲೆಗಸಿ. ಬಯಾಸ್‌ನಲ್ಲಿ ಸಿಎಸ್‌ಎಂ (ಲೆಗಸಿ ಬೂಟಿಗೆ ಅವಕಾಶ ಕೊಡುವ ಆಯ್ಕೆ) ಆಫ್ ಮಾಡಿ ಮತ್ತೆ ಬನ್ನಿ. ಇಎಫ್‌ಐ ಪಾರ್ಟಿಷನ್ ಎಫ್‌ಎಟಿ32 ಆಗಿರಬೇಕು, 512 ಎಂಬಿ ಕೊಟ್ಟರೆ ಧಾರಾಳ ಸಾಕು. ಖಾಲಿ ಡಿಸ್ಕಾದರೆ ಇನ್‌ಸ್ಟಾಲರಿಗೇ ಎಲ್ಲ ಬಿಟ್ಟುಬಿಡಿ, ಅದು ಸರಿಯಾಗಿ ಮಾಡುತ್ತದೆ.

ರೀಸ್ಟಾರ್ಟ್ ಮಾಡಿದ್ರೆ ಸೀದಾ ಬಯಾಸ್‌ಗೇ ಹೋಗ್ತದೆ.

ಪೆನ್‌ಡ್ರೈವ್ ತೆಗೆದು ಬೂಟ್ ಕ್ರಮ ನೋಡಿ. ಪಟ್ಟಿಯಲ್ಲಿ 'ಉಬುಂಟು' ಅಥವಾ 'ಫೆಡೋರಾ' ಎಂಬ ಹೆಸರಿದ್ದರೆ ಅದನ್ನು ಮೇಲಕ್ಕೆ ತನ್ನಿ. ಎರಡು ಡಿಸ್ಕ್ ಇರುವವರಲ್ಲಿ ಲಿನಕ್ಸ್ ಒಂದರಲ್ಲಿ, ಬೂಟ್ ಫೈಲು ಇನ್ನೊಂದರಲ್ಲಿ ಹೋಗಿ ಕೂತಿರುವುದೂ ಉಂಟು. ಹೆಸರೇ ಇಲ್ಲದಿದ್ದರೆ ಕೊನೆಯ ಪ್ರಶ್ನೆಗೆ ಹೋಗಿ.

ಕಪ್ಪು ಪರದೆಯಲ್ಲಿ ಏನೇನೋ ಇಂಗ್ಲಿಷ್ ಬಂದು ನಿಂತಿದೆ. ಎಲ್ಲಾ ಒಂದೇನಾ?

ಒಂದೇ ಅಲ್ಲ, ಸಾಲಿನ ಮೊದಲ ಪದ ನೋಡಿ. 'ಗ್ರಬ್ ರೆಸ್ಕ್ಯೂ' ಅಂದರೆ ಗ್ರಬ್‌ಗೆ ತನ್ನ ಫೈಲುಗಳೇ ಸಿಗುತ್ತಿಲ್ಲ. ಪಾರ್ಟಿಷನ್ ಅಳಿಸಿದಾಗ, ಡಿಸ್ಕ್ ಬದಲಿಸಿದಾಗ ಬರುತ್ತದೆ. ಬರೀ 'ಗ್ರಬ್' ಅಂತಿದ್ದರೆ ಗ್ರಬ್ ಎದ್ದಿದೆ, ಮೆನುವಿನ ಫೈಲು ಸಿಕ್ಕಿಲ್ಲ. 'ಇನಿಟ್‌ರ‍್ಯಾಮ್‌ಎಫ್‌ಎಸ್' ಅಂದರೆ ಕರ್ನೆಲ್ ಎದ್ದಿದೆ, ಡಿಸ್ಕ್ ತೆರೆಯಲು ಆಗುತ್ತಿಲ್ಲ. ಎಫ್‌ಎಸ್‌ಸಿಕೆ (ಡಿಸ್ಕಿನ ತಪ್ಪು ಸರಿಪಡಿಸುವ ಕಮ್ಯಾಂಡ್) ಓಡಿಸಿ ಎಂದು ಅದೇ ಕೇಳಿರುತ್ತದೆ, ಓಡಿಸಿ. 'ಎಮರ್ಜೆನ್ಸಿ ಮೋಡ್' ಬಂದರೆ ಮೊದಲು ಎಫ್‌ಎಸ್‌ಟ್ಯಾಬ್ ಫೈಲು (ಯಾವ್ಯಾವ ಡಿಸ್ಕ್ ತೆರೆಯಬೇಕೆಂಬ ಪಟ್ಟಿ) ನೋಡಿ. ಕಿತ್ತುಹಾಕಿದ ಡಿಸ್ಕಿನ ಯುಯುಐಡಿ (ಗುರುತಿನ ಸಂಖ್ಯೆ) ಅಲ್ಲೇ ಉಳಿದಿರಬಹುದು, ಆ ಸಾಲಿನ ಮುಂದೆ ಹ್ಯಾಷ್ ಗುರುತು ಹಾಕಿ.

ಎಲ್ಲ ಡೇಟಾ ಹಾಕ್ಕೊಂಡಾಗಿದೆ. ಮತ್ತೆ ಇನ್‌ಸ್ಟಾಲ್ ಮಾಡದೆ ಬೂಟ್ ಮಾತ್ರ ರಿಪೇರಿ ಆಗುತ್ತಾ?

ಆಗುತ್ತದೆ. ಇನ್‌ಸ್ಟಾಲ್ ಮಾಡಿದ ಪೆನ್‌ಡ್ರೈವಿನಿಂದಲೇ ಲೈವ್ ಪರದೆಗೆ ಬನ್ನಿ, ಈ ಸಲ ಯುಇಎಫ್‌ಐ ವಿಧಾನದಲ್ಲೇ. ಮಿಂಟ್‌ನ ಲೈವ್ ಪರದೆಯಲ್ಲಿ 'ಬೂಟ್ ರಿಪೇರ್' ಇದ್ದೇ ಇರುತ್ತದೆ, ಉಬುಂಟುವಿನಲ್ಲಿ ಹಾಕಿಕೊಳ್ಳಬಹುದು. ಹೆಚ್ಚಿನವರಿಗೆ ಅದು ಸಾಕು.

ಕೈಯಿಂದ ಮಾಡುವವರಿಗೆ ಕ್ರಮ ಇದು. ಲಿನಕ್ಸ್ ಇರುವ ಪಾರ್ಟಿಷನನ್ನು 'ಎಂಎನ್‌ಟಿ'ಗೆ ಮೌಂಟ್ ಮಾಡಿ. ಅದರೊಳಗಿನ 'ಬೂಟ್/ಇಎಫ್‌ಐ'ಗೆ ಇಎಫ್‌ಐ ಪಾರ್ಟಿಷನ್ ಮೌಂಟ್ ಮಾಡಿ. 'ಡೆವ್', 'ಪ್ರಾಕ್', 'ಸಿಸ್', 'ರನ್' ನಾಲ್ಕನ್ನೂ ಬೈಂಡ್ ಮಾಡಿ. ಸಿಸ್ ಒಳಗಿನ 'ಇಎಫ್‌ಐವಾರ್ಸ್' ಬಿಟ್ಟುಹೋಗದಂತೆ ಅದನ್ನೂ ಬೈಂಡ್ ಮಾಡಿ. ಅದಿಲ್ಲದೆ ಬೋರ್ಡಿನ ಬೂಟ್ ಪಟ್ಟಿಗೆ ಹೆಸರು ಸೇರುವುದಿಲ್ಲ. ಆಮೇಲೆ ಸಿಎಚ್‌ರೂಟ್ ಮಾಡಿ (ಡಿಸ್ಕಿನ ಲಿನಕ್ಸಿನೊಳಗೆ ಹೊಕ್ಕು) ಗ್ರಬ್-ಇನ್‌ಸ್ಟಾಲ್, ಅದರ ಹಿಂದೆಯೇ ಅಪ್‌ಡೇಟ್-ಗ್ರಬ್.

ಇದು ಉಬುಂಟು, ಮಿಂಟ್, ಡೆಬಿಯನ್ ಮನೆತನಕ್ಕೆ. ಫೆಡೋರಾದವರು ಯುಇಎಫ್‌ಐ ಯಂತ್ರದಲ್ಲಿ ಗ್ರಬ್-ಇನ್‌ಸ್ಟಾಲ್ ಓಡಿಸಬಾರದು. ಓಡಿಸಿದರೆ ಸಹಿ ಇರುವ ಬೂಟ್ ಫೈಲು ಹೋಗಿ ಸೆಕ್ಯೂರ್ ಬೂಟ್ ಮತ್ತೆ ತಡೆಯುತ್ತದೆ. ಅವರು ಸಿಎಚ್‌ರೂಟ್ ಒಳಗೆ ಡಿಎನ್‌ಎಫ್‌ನಿಂದ (ಫೆಡೋರಾದಲ್ಲಿ ಪ್ಯಾಕೇಜ್ ಹಾಕುವ ಕಮ್ಯಾಂಡ್) ಶಿಮ್ ಮತ್ತು ಗ್ರಬ್2-ಇಎಫ್‌ಐ ಪ್ಯಾಕೇಜುಗಳನ್ನು ಮರುಸ್ಥಾಪಿಸಬೇಕು.